ರಿಪೇರಿ ಮೇಜು ಅಚ್ಚುಕಟ್ಟಾಗಿದ್ದರೆ ಹೊಲದ ಕೆಲಸ ನಿಲ್ಲದು



ಮೂರು ದಿನದಿಂದ ಮೋಡ ಮುಸುಕಿದೆ. ನಿಮ್ಮ ಟೊಮೆಟೊ ತೋಟದಲ್ಲಿ ಅಂಗಮಾರಿ ರೋಗದ ಮೊದಲ ಕಲೆ ಕಾಣಿಸಿಕೊಂಡಿದೆ. ಬೆಳಿಗ್ಗೆ ಔಷಧಿ ಹೊಡೆಯೋಣವೆಂದು ಕೈಪಂಪನ್ನು ಹೆಗಲಿಗೇರಿಸಿದರೆ ಒತ್ತಡವೇ ಏರುವುದಿಲ್ಲ. ಬಿಚ್ಚಿ ನೋಡಿದರೆ ಒಳಗಿನ ವಾಷರ್ ಹರಿದಿದೆ. ಹೋದ ವರ್ಷವೇ ಎರಡು ವಾಷರ್ ತಂದಿಟ್ಟಿದ್ದೀರಿ. ಆದರೆ ಎಲ್ಲಿ? ಅಟ್ಟದ ಮೇಲೋ, ದನದ ಕೊಟ್ಟಿಗೆಯ ಗೂಡಿನಲ್ಲೋ, ಹಳೇ ಡಬ್ಬಿಯಲ್ಲೋ ಯಾರಿಗೂ ಗೊತ್ತಿಲ್ಲ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ದಿನ ಕಳೆಯುತ್ತದೆ. ಅಂಗಮಾರಿ ನಿಮಗಾಗಿ ಒಂದು ದಿನವೂ ಕಾಯುವುದಿಲ್ಲ. ಕೆಲವೇ ರೂಪಾಯಿಯ ವಾಷರ್ ಇಡೀ ಬೆಳೆಗೆ ಕುತ್ತು ತರುವುದು ಹೀಗೆ.

ಬೆಂಗಳೂರಿನ ಹೊರವಲಯದ ರೈತರಿಗೆ ಈ ತೊಂದರೆ ಇನ್ನೂ ಹೆಚ್ಚು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಭೂಮಿ ಎಲೆಕ್ಟ್ರಾನಿಕ್ ಸಿಟಿಯಾಯಿತು. ಪೀಣ್ಯ ಕೈಗಾರಿಕಾ ಪ್ರದೇಶವಾಯಿತು. ವೈಟ್‌ಫೀಲ್ಡ್ ಸುತ್ತ ಗಾಜಿನ ಕಟ್ಟಡಗಳೆದ್ದವು. ಉಳಿದ ಹೊಲಗಳಲ್ಲಿ ರಾಗಿ, ತರಕಾರಿ, ಹೂವು ಬೆಳೆಯುವವರು ಇನ್ನೂ ಇದ್ದಾರೆ. ಆದರೆ ಊರಿನ ಕಮ್ಮಾರನ ಕುಲುಮೆ ಆರಿದೆ, ಪಂಪು ರಿಪೇರಿಯ ಅಂಗಡಿಯಲ್ಲಿ ಮೊಬೈಲ್ ಮಾರುತ್ತಾರೆ. ಸಣ್ಣಪುಟ್ಟ ರಿಪೇರಿಯನ್ನು ನೀವೇ ಮಾಡಿಕೊಳ್ಳಬೇಕಾದ ಕಾಲ ಇದು. ಅದಕ್ಕೆ ಮನೆಯಲ್ಲೊಂದು ರಿಪೇರಿ ಮೇಜು ಬೇಕು.

ಮೀನಿನ ಗಾಳದವರಿಂದ ಒಂದು ಪಾಠ

ದೂರದ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಗಾಳದ ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಹುಳುವಿನಂತೆ ಕಾಣುವ ಕೃತಕ ನೊಣ ಕಟ್ಟಿ ಮೀನು ಹಿಡಿಯುವವರಿದ್ದಾರೆ. ನಮ್ಮ ದೇಶದ ಹುಂಜಗಳ ಕುತ್ತಿಗೆಯ ಪುಕ್ಕ ಬಹುಕಾಲ ಈ ಕೆಲಸಕ್ಕೆಂದು ರಫ್ತಾಗುತ್ತಿತ್ತು. ನಮ್ಮ ಘಟ್ಟದ ಬೂದು ಕಾಡುಕೋಳಿಯ ಪುಕ್ಕಕ್ಕೂ ಅಲ್ಲಿ ಬೇಡಿಕೆ ಇತ್ತು. ಆ ಹಕ್ಕಿಗೆ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅದನ್ನು ಬೇಟೆಯಾಡುವುದು ಅಪರಾಧ.

ನಾವು ನೋಡಬೇಕಾದದ್ದು ಅವರ ಮೇಜನ್ನು. ಜೋಳದ ಕಾಳಿಗಿಂತ ಚಿಕ್ಕ ಕೊಕ್ಕೆಯೊಡನೆ ಕೆಲಸ ಮಾಡುವ ಅವರು ಒಂದೊಂದು ಅಳತೆಯ ಕೊಕ್ಕೆಗೆ ಒಂದೊಂದು ಡಬ್ಬಿ ಇಡುತ್ತಾರೆ. ಕತ್ತರಿ, ಸೂಜಿಗಳನ್ನು ತೂತು ಕೊರೆದ ಮರದ ತುಂಡಿನಲ್ಲಿ ನಿಲ್ಲಿಸುತ್ತಾರೆ. ಕೈಯ ಕೆಳಗೆ ತಿಳಿಬಣ್ಣದ ಹಾಸು, ಮೇಲೆ ದೀಪ ಇರುತ್ತವೆ. ಕೊಕ್ಕೆಯನ್ನು ಬಿಗಿಹಿಡಿಯುವ ಪುಟ್ಟ ವೈಸ್ ಸದಾ ಒಂದೇ ಜಾಗದಲ್ಲಿರುತ್ತದೆ. ನಾಜಲ್, ವಾಷರ್, ಹನಿ ನೀರಾವರಿಯ ಬಿಡಿಭಾಗಗಳೊಡನೆ ಹೆಣಗುವ ನಮಗೂ ಇದೇ ಕ್ರಮ ಸಲ್ಲುತ್ತದೆ.

ಜಾಗ ಮತ್ತು ಮೇಜು

ಬೆಳಕು ಚೆನ್ನಾಗಿ ಬೀಳುವ ಜಗುಲಿ ಅಥವಾ ಕಿಟಕಿಯ ಪಕ್ಕ ಮೇಜಿಗೆ ಒಳ್ಳೆಯ ಜಾಗ. ಒಲೆಯ ಹತ್ತಿರ ಬೇಡ. ಧಾನ್ಯದ ಕೋಣೆಯಲ್ಲಂತೂ ಬೇಡವೇ ಬೇಡ. ಕೊಟ್ಟಿಗೆಯ ತೇವ ಮತ್ತು ಗಂಜಲದ ಆವಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ನೀವು ಬಲಗೈಯವರಾದರೆ ಬೆಳಕು ಎಡಗಡೆಯಿಂದ ಬರಲಿ. ಆಗ ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ.

ಐದು ಅಡಿ ಉದ್ದ, ಎರಡು ಅಡಿ ಅಗಲದ ಮೇಜು ಸಾಕು. ಕೈಗಾರಿಕಾ ಪ್ರದೇಶಗಳ ಬಳಿಯ ಹಳೇ ಮರದ ಅಂಗಡಿಗಳಲ್ಲಿ ಸಿಗುವ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದಲೇ ಇದನ್ನು ಮಾಡಿಸಬಹುದು. ಮೇಜಿನ ಮೂರು ಬದಿಗೂ ಅರ್ಧ ಇಂಚಿನ ಪಟ್ಟಿ ಹೊಡೆಯಿರಿ, ಉರುಳುವ ನಟ್ಟು ಕೆಳಗೆ ಬೀಳುವುದಿಲ್ಲ. ನಾಲ್ಕು ಇಂಚಿನ ಒಂದು ವೈಸ್ ಕೊಳ್ಳಿ. ಅದನ್ನು ಮೇಜಿನ ಮಧ್ಯಕ್ಕೆ ಕೂರಿಸದೆ ಕಾಲಿನ ನೇರಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ, ಆಗ ಮೇಜು ಅಲ್ಲಾಡುವುದಿಲ್ಲ. ವೈಸಿನ ಬಾಯಿ ನೀವು ನಿಂತಾಗ ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ಹಿತ್ತಾಳೆ ನಾಜಲ್ ಹಿಡಿಯುವಾಗ ಎರಡೂ ಬದಿಗೆ ಮರದ ಚೂರು ಕೊಡಿ, ಇಲ್ಲದಿದ್ದರೆ ಅದರ ಮರೆ ಕೆಡುತ್ತದೆ.

ಉಪಕರಣಕ್ಕೆ ನೆರಳಿನ ಗುರುತು

ನಿಮ್ಮ ಮಗನೋ ತಮ್ಮನೋ ಪೀಣ್ಯದ ಕಾರ್ಖಾನೆಗೆ ಹೋಗುತ್ತಿದ್ದರೆ ಕೇಳಿ ನೋಡಿ. ಅನೇಕ ಕಾರ್ಖಾನೆಗಳಲ್ಲಿ ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಸ್ಪ್ಯಾನರ್ ಜಾಗದಲ್ಲಿ ಇಲ್ಲದಿದ್ದರೆ ಅದರ ಚಿತ್ರವೇ ಕೂಗಿ ಹೇಳುತ್ತದೆ. ಬೇಡದ್ದನ್ನು ತೆಗೆ, ಬೇಕಾದ್ದನ್ನು ಜೋಡಿಸು, ಶುಚಿಯಾಗಿಡು, ಒಂದೇ ಕ್ರಮ ಇಡು, ಅದನ್ನು ಪಾಲಿಸು ಎಂಬ ಐದು ಸೂತ್ರಗಳು ಜಪಾನಿನ ಕಾರ್ಖಾನೆಗಳಿಂದ ಇಲ್ಲಿಗೆ ಬಂದವು. ಇವು ಕಾರ್ಖಾನೆಗೆ ಎಷ್ಟೋ ರೈತನ ಮನೆಗೂ ಅಷ್ಟೇ ಸಲ್ಲುತ್ತವೆ.

ಒಂದು ಹಲಗೆಗೆ ಮೊಳೆ ಹೊಡೆದು ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸುತ್ತಿಗೆ, ಗರಗಸಗಳನ್ನು ತೂಗುಹಾಕಿ. ಸುತ್ತಲೂ ಪೆನ್ಸಿಲಿನಲ್ಲಿ ಗೀಟೆಳೆದು ಒಳಗೆ ಬಣ್ಣ ತುಂಬಿ. ಕುಡುಗೋಲು, ಕಸಿ ಚಾಕುಗಳನ್ನು ಮಾತ್ರ ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿಡಿ.

ಸಣ್ಣ ಭಾಗಗಳಿಗೆ ಗಾಜಿನ ಸೀಸೆ

ಉಪ್ಪಿನಕಾಯಿಯ ಖಾಲಿ ಗಾಜಿನ ಸೀಸೆಗಳನ್ನು ಎಸೆಯಬೇಡಿ. ಅವುಗಳ ಮುಚ್ಚಳವನ್ನು ಮೇಜಿನ ಮೇಲಿರುವ ಹಲಗೆಯ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿದರೆ ಸೀಸೆ ತಲೆಕೆಳಗಾಗಿ ತೂಗುತ್ತದೆ, ಒಳಗಿರುವುದು ಕಣ್ಣಿಗೆ ಕಾಣುತ್ತದೆ. ಪಂಪಿನ ವಾಷರ್‌ಗಳು ಒಂದರಲ್ಲಿ, ನಾಜಲ್‌ಗಳು ಇನ್ನೊಂದರಲ್ಲಿ, 16 ಮಿ.ಮೀ. ಹನಿ ನೀರಾವರಿ ಪೈಪಿನ ಜಾಯಿನರ್ ಮತ್ತು ರಬ್ಬರ್ ಗ್ರಾಮೆಟ್ ಮತ್ತೊಂದರಲ್ಲಿ ಇರಲಿ. ಓದು ಬಾರದ ಹಿರಿಯರಿಗೂ ತಿಳಿಯುವಂತೆ ಪ್ರತಿ ಸೀಸೆಯ ಹೊರಗೆ ಒಂದು ಮಾದರಿಯನ್ನು ಅಂಟಿಸಿ.

ಒಂದು ಭಾಗ ಮುಗಿದೊಡನೆ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಎಸ್.ಪಿ. ರಸ್ತೆಗೋ ಹತ್ತಿರದ ಪೇಟೆಗೋ ಹೋದಾಗ ಹಳೆಯ ಭಾಗವನ್ನೇ ಮಾದರಿಗೆ ಒಯ್ಯಿರಿ. ಬಾಯಿಮಾತಿನ ಅಳತೆ ನಂಬಬೇಡಿ.

ಬಿಚ್ಚುವ ಕ್ರಮ

ಪಂಪು ಬಿಚ್ಚುವಾಗ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಭಾಗಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಾ ಹೋಗಿ. ಮತ್ತೆ ಜೋಡಿಸುವಾಗ ಬಲದಿಂದ ಎಡಕ್ಕೆ ಬನ್ನಿ. ಯಾವುದೂ ತಪ್ಪುವುದಿಲ್ಲ, ಯಾವುದೂ ಉಳಿಯುವುದಿಲ್ಲ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿಟ್ಟುಕೊಂಡರೆ ಮಣ್ಣಿನಲ್ಲಿ ಬಿದ್ದ ಕಬ್ಬಿಣದ ನಟ್ಟು ಸಿಗುತ್ತದೆ. ಹಿತ್ತಾಳೆಯದು ಮಾತ್ರ ಸಿಗದು.

ನಾಜಲ್ ಕಟ್ಟಿದರೆ ಬಾಯಿಂದ ಊದಬೇಡಿ. ಔಷಧಿ ಹೊಟ್ಟೆಗೆ ಹೋಗುತ್ತದೆ. ತಂತಿಯಿಂದ ಚುಚ್ಚಬೇಡಿ. ತೂತು ದೊಡ್ಡದಾಗಿ ಔಷಧಿ ಹೆಚ್ಚು ಸುರಿಯುತ್ತದೆ, ಹನಿ ದಪ್ಪವಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷು ಮತ್ತು ನೀರು ಸಾಕು. ಚರ್ಮದ ವಾಷರಿಗೆ ಹಂಗಾಮು ಮುಗಿದ ಮೇಲೆ ನಾಲ್ಕು ಹನಿ ಹರಳೆಣ್ಣೆ ಬಿಡಿ. ರಬ್ಬರ್ ವಾಷರಿಗೆ ಸೀಮೆಎಣ್ಣೆ, ಡೀಸೆಲ್ ಸೋಕಿಸಬೇಡಿ, ಅದು ಉಬ್ಬಿ ಕೆಡುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಮೂರು ಮಾತು

ಮೊದಲನೆಯದು: ಪಂಪನ್ನು ಹೊರಗೆ ಮೂರು ಸಲ ತೊಳೆದ ನಂತರವೇ ಮೇಜಿಗೆ ತನ್ನಿ. ತೊಳೆದ ನೀರು ಬಾವಿ, ಕೆರೆ, ದನದ ತೊಟ್ಟಿಯ ಕಡೆ ಹರಿಯಬಾರದು.

ಎರಡನೆಯದು: ಉಳಿದ ಔಷಧಿಯನ್ನಾಗಲೀ ಪೆಟ್ರೋಲನ್ನಾಗಲೀ ತಂಪು ಪಾನೀಯದ ಬಾಟಲಿಗೆ ಎಂದಿಗೂ ಸುರಿಯಬೇಡಿ. ಬಾಯಾರಿದ ಮಗುವಿಗೆ ಅದು ಶರಬತ್ತಿನಂತೆಯೇ ಕಾಣುತ್ತದೆ. ಔಷಧಿ ತನ್ನ ಡಬ್ಬಿಯಲ್ಲೇ, ತನ್ನ ಚೀಟಿಯೊಡನೆ, ಮೇಜಿನಿಂದ ದೂರ ಬೀಗದೊಳಗೆ ಇರಲಿ.

ಮೂರನೆಯದು: ಕರೆಂಟು ಹೋಗಿದೆ ಎಂದು ನಂಬಿ ಮೋಟಾರಿನ ಸ್ಟಾರ್ಟರ್ ಬಿಚ್ಚಬೇಡಿ. ಪಂಪ್‌ಸೆಟ್ಟಿನ ಕರೆಂಟು ಯಾವ ಹೊತ್ತಿಗೆ ಬರುವುದೆಂದು ಹೇಳಲಾಗದು, ಅದರಲ್ಲೂ ಆಟೋ ಸ್ಟಾರ್ಟರ್ ತಾನಾಗಿಯೇ ಮೋಟಾರು ಓಡಿಸುತ್ತದೆ. ಮೆಯಿನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡ ಮೇಲೂ ಟೆಸ್ಟರಿನಿಂದ ನೋಡಿ. ಅನುಮಾನವಿದ್ದರೆ ವೈರ್‌ಮನ್ ಬರುವವರೆಗೆ ಕಾಯಿರಿ. ಒಂದು ದಿನ ನೀರು ತಡವಾದರೆ ಬೆಳೆ ಬಾಡಬಹುದು, ಮನೆಯ ಯಜಮಾನ ಹೋದರೆ ಮನೆಯೇ ಬಾಡುತ್ತದೆ.

ಯಾವಾಗ ಮಾಡಬೇಕು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ರಾಗಿ ಕಣ ಮುಗಿದು ಬೇಸಿಗೆಯ ಬಿಡುವು ಸಿಕ್ಕಾಗ ಎರಡು ದಿನ ಈ ಕೆಲಸಕ್ಕೆ ಮೀಸಲಿಡಿ. ಮುಂಗಾರಿಗೆ ಮೊದಲು ಪ್ರತಿ ಪಂಪಿಗೂ ನೀರು ತುಂಬಿ ಹೊಡೆದು ನೋಡಿ. ಆಮೇಲೆ ದಿನವೂ ಸಂಜೆ ಐದು ನಿಮಿಷ ಸಾಕು. ಬಳಸಿದ್ದನ್ನು ಒರೆಸಿ ಅದರ ಜಾಗಕ್ಕೆ ಸೇರಿಸಿ. ಮನೆಯ ಹೆಣ್ಣುಮಕ್ಕಳಿಗೂ ಯಾವುದು ಎಲ್ಲಿದೆ ಎಂದು ತೋರಿಸಿಕೊಡಿ. ಮಕ್ಕಳು ಶಿಫ್ಟ್ ಕೆಲಸಕ್ಕೆ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಹೊಲ ನೋಡುತ್ತಿರುವವರು ಅವರೇ ಅಲ್ಲವೇ?

ನಿಮ್ಮ ವಾಚನಾಲಯದಲ್ಲಿ ಇದನ್ನು ಓದಿದವರು ನಾಲ್ಕು ಜನ ಕೂಡಿ ಒಂದು ವೈಸ್, ಒಂದು ಸ್ಪ್ಯಾನರ್ ಸೆಟ್ ಕೊಂಡರೂ ಆದೀತು. ಮುಂದಿನ ಸಲ ಮೋಡ ಮುಸುಕಿದಾಗ ನಿಮ್ಮ ಪಂಪು ಹೆಗಲಿಗೇರಲು ಸಿದ್ಧವಾಗಿರಲಿ.