ಮೆನು ಉದ್ದವಾದರೆ ಗಲ್ಲಾ ತುಂಬುವುದೇ?

ಪುಣೆಯಲ್ಲಿ ಹೋಟೆಲು ನಡೆಸುವ ನಮ್ಮವರು ನಾಲ್ಕು ಜನ ಸೇರಿದರೆ ಮಾತು ಒಂದೇ: ಕೆಲಸಕ್ಕೆ ಜನ ಸಿಗುತ್ತಿಲ್ಲ. ಊರಿನಿಂದ ಹುಡುಗರು ತಾವಾಗಿ ಬರುತ್ತಿದ್ದ ಕಾಲ ಹೋಯಿತು. ಇರುವ ಕೈಗಳಿಂದಲೇ ಹೆಚ್ಚು ಕೆಲಸ ಆಗಬೇಕು, ಅದಕ್ಕೆ ಏನಾದರೂ ಹೊಸತು ಮಾಡಬೇಕು ಎನ್ನುತ್ತೇವೆ. ಯಾವ ಹೊಸತು ಎಂಬುದೇ ಪ್ರಶ್ನೆ.

ಅರ್ಥಶಾಸ್ತ್ರಜ್ಞರ ಓಸ್ಲೋ ಕೈಪಿಡಿ 2005ರಲ್ಲಿ ಹೊಸತನವನ್ನು ಸರಕು, ವಿಧಾನ, ಮಾರಾಟ, ಸಂಘಟನೆ ಎಂದು ನಾಲ್ಕಾಗಿ ವಿಂಗಡಿಸಿತ್ತು. 2018ರಲ್ಲಿ ಎರಡಕ್ಕೆ ಇಳಿಸಿತು. ನಮಗೂ ಎರಡೇ ಸಾಕು: ತಟ್ಟೆಯಲ್ಲಿ ಹೊಸತು, ಅಡುಗೆಮನೆಯಲ್ಲಿ ಹೊಸತು.

ಎರಡೂ ಕೂಡಿ ಬಂದರೆ ಲಾಭ. ಯುದ್ಧಕಾಲದಲ್ಲಿ ಅಕ್ಕಿ ಅಭಾವವಾದಾಗ ಬೆಂಗಳೂರಿನ ಎಂ.ಟಿ.ಆರ್. ರವೆ ಇಡ್ಲಿ ಮಾಡಿತು. ತಿಂಡಿ ಹೊಸದು, ಜೊತೆಗೆ ನೆನೆಸುವ, ರುಬ್ಬುವ, ರಾತ್ರಿಯಿಡೀ ಹುದುಗಿಸುವ ಕೆಲಸವೂ ಉಳಿಯಿತು! ಫರ್ಗ್ಯೂಸನ್ ಕಾಲೇಜು ರಸ್ತೆಯ ವೈಶಾಲಿಯನ್ನೇ ನೋಡಿ. 2023ರಲ್ಲಿ ನಮ್ಮನ್ನಗಲಿದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ಈ ಹೋಟೆಲಿನ ಹೆಸರಿಗೆ ಎಸ್.ಪಿ.ಡಿ.ಪಿ. ಅಂಟಿಕೊಂಡೇ ಇದೆ. ಪುರಿ, ಸೇವು, ಬೇಯಿಸಿದ ಆಲೂಗಡ್ಡೆ, ಮೊಸರು ಎಲ್ಲ ಮೊದಲೇ ತಯಾರು. ತಟ್ಟೆಯಲ್ಲಿ ಜೋಡಿಸಿದರೆ ಆಯಿತು. ದೋಸೆ ಕಲ್ಲಿಗೆ ಅದರಿಂದ ತೊಂದರೆಯಿಲ್ಲ.

ನಾವು ಇದನ್ನು ತಿಳಿದದ್ದು ಪೆಟ್ಟು ತಿಂದ ಮೇಲೆ. ಗಿರಾಕಿ ಹೆಚ್ಚಲೆಂದು ಒಂದೇ ಸಲಕ್ಕೆ ಚೈನೀಸ್, ಪಂಜಾಬಿ ಸೇರಿಸಿದೆವು. ಬೆಂಕಿ ಅದೇ, ಭಟ್ಟರು ಅವರೇ. ದೋಸೆ ಇಪ್ಪತ್ತು ನಿಮಿಷ ತಡವಾಯಿತು, ತಂದಿಟ್ಟ ತರಕಾರಿ ಬಾಡಿತು, ಹಳೆಯ ಸಪ್ಲೈಯರ್ ಒಬ್ಬ ಗಿರಾಕಿಗಳ ಬೈಗುಳ ತಾಳದೆ ಬಿಟ್ಟುಹೋದ. ಮಾರಾಟ ಏರಿತ್ತು, ನಿಜ. ತಿಂಗಳ ಕೊನೆಗೆ ಕೈಗೆ ಉಳಿದದ್ದು ಮೊದಲಿಗಿಂತ ಕಡಿಮೆ.

ಲೆಕ್ಕ ಸರಳ. ಮೇಜಿಗೆ ಗಿರಾಕಿ 45 ನಿಮಿಷ ಕೂತರೆ ನಾಲ್ಕು ತಾಸಿನಲ್ಲಿ ಅದು ಐದು ಸಲ ತುಂಬುತ್ತದೆ. 30 ನಿಮಿಷವಾದರೆ ಎಂಟು ಸಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳು ಇಡ್ಲಿ ವಡೆಯನ್ನು ಬದಲಿಸಲಿಲ್ಲ, ಕುರ್ಚಿಯನ್ನು ತೆಗೆದವು. ಪುಣೆಯ ಗಿರಾಕಿಗೆ ಕೂತು ಹರಟಬೇಕು, ಆದ್ದರಿಂದ ಅದೇ ಉಪಾಯ ಇಲ್ಲಿ ಎಲ್ಲೆಡೆ ನಡೆಯದು.

ನಾವು ಕಡೆಗೆ ಮೆನುವಿನಿಂದ ಇಪ್ಪತ್ತೆರಡು ಐಟಂ ತೆಗೆದೆವು, ಪಾರ್ಸೆಲ್ ಕೌಂಟರನ್ನು ಬಾಗಿಲ ಬಳಿಗೆ ತಂದೆವು, ಚಟ್ನಿ ಸಾಂಬಾರು ಬಡಿಸಲು ಒಬ್ಬನನ್ನೇ ನಿಲ್ಲಿಸಿದೆವು. ದೋಸೆ ಈಗ ಎಂಟು ನಿಮಿಷಕ್ಕೆ ಮೇಜಿಗೆ ಬರುತ್ತದೆ. ಒಬ್ಬ ಹಿರಿಯ ಗಿರಾಕಿ ಮಾತ್ರ ಇನ್ನೂ ಹಕ್ಕಾ ನೂಡಲ್ಸ್ ಕೇಳುತ್ತಲೇ ಇದ್ದಾರೆ.