ಹುಡುಗರ ಆಸ್ಪತ್ರೆ ಖರ್ಚು ಯಾರ ಗಲ್ಲಾದಿಂದ?

ಎಲ್ಲರಿಗೂ ಔಷಧೋಪಚಾರ ಸಿಗಬೇಕು ಎಂದರೆ ಗಿರಾಕಿ ಒಪ್ಪುತ್ತಾನೆ, ಸಪ್ಲೈಯರ್ ಒಪ್ಪುತ್ತಾನೆ, ಗಲ್ಲಾದಲ್ಲಿ ಕೂತ ನಾವೂ ಒಪ್ಪುತ್ತೇವೆ. ಹಣ ಯಾರು ಕೊಡುವುದು ಎಂದ ಕೂಡಲೇ ಗಿರಾಕಿ ಸರಕಾರ ಕೊಡಲಿ ಎನ್ನುತ್ತಾನೆ, ಹುಡುಗ ಸೇಠ್ ಕೊಡಲಿ ಎನ್ನುತ್ತಾನೆ, ನಾವು ಬಾಡಿಗೆ, ಲೈಸೆನ್ಸು, ಜಿಎಸ್‌ಟಿ ಎಂದು ಲೆಕ್ಕ ಒಪ್ಪಿಸುತ್ತೇವೆ.

ಹಿಂದೆ ಧಣಿಗಳು ಗಲ್ಲಾದಿಂದ ತೆಗೆದು ಕೊಟ್ಟು ಆಮೇಲೆ ಸಂಬಳದಲ್ಲಿ ಮುರಿಯುತ್ತಿದ್ದರು. ಒಳ್ಳೆಯ ಧಣಿ ಸಿಕ್ಕಿದರೆ ಹುಡುಗ ಬದುಕಿದ. ಇಲ್ಲದಿದ್ದರೆ ಊರಿನ ಬಸ್ಸು ಹತ್ತಿಸುತ್ತಿದ್ದರು. ಇದನ್ನು ನಾವೆಲ್ಲ ನೋಡಿದವರೇ.

1948ರ ಇಎಸ್‌ಐ ಕಾಯಿದೆ ಧಣಿ, ಹುಡುಗ ಇಬ್ಬರಿಂದಲೂ ಕಟ್ಟಿಸಿತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. 2019ರ ಜುಲೈ 1ರಂದು ನಮ್ಮ ಪಾಲು ಶೇ. 4.75ರಿಂದ 3.25ಕ್ಕೆ, ಹುಡುಗರದು 1.75ರಿಂದ 0.75ಕ್ಕೆ ಇಳಿಯಿತು. ಆ ದರದಲ್ಲಿ 15,000 ರೂ. ಸಂಬಳದವನಿಗೆ ನಾವು ಕಟ್ಟುವುದು 487.50, ಅವನು 112.50. ಅಂಥ ಹತ್ತು ಜನರಿದ್ದರೆ ನಮಗೆ ತಿಂಗಳಿಗೆ 4,875 ರೂ. ದಿನಕ್ಕೆ 500 ಪ್ಲೇಟು ಹೋಗುವ ಹೋಟೇಲಿನಲ್ಲಿ ಪ್ಲೇಟಿಗೆ 33 ಪೈಸೆಯೊಳಗೆ. ಕೊತ್ತಂಬರಿ ಸೊಪ್ಪು ತುಟ್ಟಿಯಾದ ವಾರ ನಾವು ಇದಕ್ಕಿಂತ ಹೆಚ್ಚು ನುಂಗಿಕೊಳ್ಳುತ್ತೇವೆ!

ಕಷ್ಟ ಇರುವುದು ಹುಡುಗರನ್ನು ಒಪ್ಪಿಸುವಲ್ಲಿ. 'ನನಗೇನು ಕಾಯಿಲೆ, 112 ರೂಪಾಯಿ ಯಾಕೆ ಮುರಿಯುತ್ತೀರಿ?' ಎನ್ನುತ್ತಾರೆ. ಹೋಟೇಲು ಬದಲಾಯಿಸಿದರೂ ನಂಬರು ಅದೇ ಇರುತ್ತದೆ, ಊರಲ್ಲಿರುವ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಇದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ಸಂಬಳವೂ ಸಿಗುತ್ತದೆ. ಆದರೆ ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬೇಕು. ಎರಡು ತಿಂಗಳು ದುಡಿದು ಕೋಲಕ್ಕೆ ಊರಿಗೆ ಹೋಗುವವನಿಗೆ ಇದು ಕೈಗೆಟುಕುವುದಿಲ್ಲ. ದವಾಖಾನೆಯ ಕ್ಯೂನಲ್ಲಿ ಒಂದು ದಿನದ ಕೆಲಸ ಹೋಗುತ್ತದೆ ಎಂಬ ದೂರೂ ಸುಳ್ಳಲ್ಲ.

ಸರಕಾರವೇ ಕೊಡುವ ಆಯುಷ್ಮಾನ್ ಭಾರತ್ 2018ರಲ್ಲಿ ಬಂತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಆದರೆ ಆಸ್ಪತ್ರೆಗೆ ಸೇರಿದರೆ ಮಾತ್ರ. ಜ್ವರಕ್ಕೆ ಮಾತ್ರೆ ಕೊಳ್ಳಲು ಅದು ಆಗದು. 2024ರಲ್ಲಿ 70 ದಾಟಿದವರಿಗೆಲ್ಲ, ಬಡವ ಬಲ್ಲಿದ ಎನ್ನದೆ, ಅದನ್ನು ತೆರೆದರು. ನಮ್ಮ ಹಿರಿಯ ಸದಸ್ಯರು ಕಾರ್ಡು ಮಾಡಿಸಿಕೊಂಡಿದ್ದಾರೋ?

ನಮಗೆ ಮೆಚ್ಚಿಗೆಯಾದದ್ದು ಕರ್ನಾಟಕದ ಯಶಸ್ವಿನಿ. 2003ರಲ್ಲಿ ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ ಹಾಕಿದರು, ಸರಕಾರವೂ ಕೈಜೋಡಿಸಿತು, ಆಪರೇಶನ್‌ಗಳಾದವು. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ತಾನೂ ಹಾಕಿದ ಹಣವಾದರೆ ಕೇಳುವ ಹಕ್ಕು ಬರುತ್ತದೆ. ಪೂರ್ತಿ ಪುಕ್ಕಟೆಯಾದರೆ ಆ ಬಾಯಿ ಇರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹತ್ತಕ್ಕಿಂತ ಕಡಿಮೆ ಜನರಿರುವ ಸಣ್ಣ ಹೋಟೇಲಿನವರೂ, ಹೆಚ್ಚಿನ ಕೆಲಸಗಾರರು ಒಪ್ಪಿದರೆ, ಹೊಸ ಸಂಹಿತೆಯಡಿ ಇಎಸ್‌ಐ ಸೇರಬಹುದು. ಉಳಿದದ್ದು ಮದುವೆ ಕಾಂಟ್ರಾಕ್ಟಿನ ಬದಲಿ ಹುಡುಗರು. ಇಂದು ಮಾಟುಂಗ, ನಾಳೆ ಠಾಣೆ, ದಿನಕ್ಕೊಬ್ಬ ಧಣಿ. ಅವರ ಕಾಲ ಮೇಲೆ ಕುದಿಯುವ ಸಾರು ಚೆಲ್ಲಿದರೆ ಯಾರ ಗಲ್ಲಾ ತೆರೆಯಬೇಕು? ಮುಂದಿನ ಸಭೆಯಲ್ಲಿ ಮೊದಲು ಇದನ್ನೇ ಎತ್ತಿಕೊಳ್ಳೋಣ.