ಹೆಗಲು ನೋವು: ಕಾರಣಗಳೂ ಕೈರೋಪ್ರಾಕ್ಟಿಕ್ ಚಿಕಿತ್ಸೆಯೂ

ಪ್ರತಿವರ್ಷ ಜನವರಿಯಲ್ಲಿ ಹೈದರಾಬಾದಿನ ನಾಂಪಲ್ಲಿಯಲ್ಲಿ ನುಮಾಯಿಷ್ ನೆರೆಯುತ್ತದೆ. ಅಂಗಡಿಯವರು ಬಟ್ಟೆಯ ಗಂಟುಗಳನ್ನು ಎತ್ತರದ ಹಲಗೆಗಳಿಗೆ ಏರಿಸುತ್ತಾರೆ. ಸಮೀಪದ ರೈಲು ನಿಲ್ದಾಣದಲ್ಲಿ ಹಮಾಲಿಗಳು ಪೆಟ್ಟಿಗೆಗಳನ್ನು ಹೊರುತ್ತಾರೆ. ಇಂತಹ ದುಡಿಮೆಯಿಂದ ಹೆಗಲು ನೋಯುವುದು ಸಹಜ. ಆದರೆ ಭಾರ ಹೊರದವರನ್ನೂ ಈ ನೋವು ಬಿಡುವುದಿಲ್ಲ.

ಶರೀರದ ಕೀಲುಗಳಲ್ಲೆಲ್ಲ ಅತ್ಯಂತ ಚಲನಶೀಲವಾದುದು ಹೆಗಲಿನ ಕೀಲು. ತೋಳಿನ ಮೂಳೆಯ ದುಂಡಾದ ತಲೆಯು ಹೆಗಲೆಲುಬಿನ ಆಳವಿಲ್ಲದ ಗುಳಿಯಲ್ಲಿ ಕುಳಿತಿರುತ್ತದೆ. ಅದನ್ನು ಸ್ಥಾನದಲ್ಲಿ ಹಿಡಿದಿಡುವಲ್ಲಿ ನಾಲ್ಕು ಸ್ನಾಯುಗಳ ರಜ್ಜುಗಳದೇ ಮುಖ್ಯ ಪಾತ್ರ. ವಯಸ್ಸು, ಪೆಟ್ಟು, ಸದಾ ಕೈಯೆತ್ತಿ ಮಾಡುವ ಕೆಲಸ ಇವುಗಳಿಂದ ಆ ರಜ್ಜುಗಳು ಸವೆಯುತ್ತವೆ. ಕೆಲವೊಮ್ಮೆ ಹರಿಯುವುದೂ ಉಂಟು.

ಇನ್ನೊಂದು ಬಗೆ ಹೆಗಲು ಬಿಗಿತ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಇದು ಹೆಚ್ಚು. ಕೀಲನ್ನು ಆವರಿಸಿದ ಚೀಲವು ದಪ್ಪಗಾಗಿ ಕುಗ್ಗುತ್ತದೆ. ಜಡೆ ಹೆಣೆಯುವುದೂ ಅಂಗಿ ತೊಡುವುದೂ ಕಷ್ಟವಾಗುತ್ತದೆ. ನೋವಿಗಂಜಿ ಕೈಯನ್ನು ಅಲುಗಿಸದಿದ್ದರೆ ಬಿಗಿತ ಇನ್ನಷ್ಟು ಬಲಿಯುತ್ತದೆ.

ಕತ್ತಿನ ನರ ಒತ್ತಲ್ಪಟ್ಟರೂ ಹೆಗಲು ನೋಯಬಹುದು. ಹೆಗಲು ನೋವಿನೊಡನೆ ಎದೆ ಬಿಗಿತ, ಬೆವರು, ಉಬ್ಬಸ ಕಾಣಿಸಿದರೆ ಅದು ಹೃದಯಾಘಾತವಿರಬಹುದು. ತೈಲ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಆರಂಭಿಸಿದ ಪದ್ಧತಿ ಕೈರೋಪ್ರಾಕ್ಟಿಕ್. ಗ್ರೀಕ್ ಮೂಲದ ಈ ಹೆಸರಿಗೆ ಕೈಯಿಂದ ಮಾಡಿದ್ದು ಎಂದರ್ಥ. ಬಹುತೇಕ ರೋಗಗಳಿಗೆ ಬೆನ್ನೆಲುಬಿನ ಸ್ಥಾನಪಲ್ಲಟವೇ ಮೂಲವೆಂಬ ಅವರ ವಾದವನ್ನು ವಿಜ್ಞಾನವು ಒಪ್ಪಿಲ್ಲ. ಆದರೂ ಹೆಗಲು, ಕತ್ತು, ಮೇಲ್ಬೆನ್ನುಗಳ ಕೀಲುಗಳನ್ನು ನುರಿತ ಕೈಗಳು ಹದವಾಗಿ ಒತ್ತಿ ಚಲಿಸಿದಾಗ ಕೆಲವರಿಗೆ ಉಪಶಮನ ದೊರೆಯುತ್ತದೆ. ವ್ಯಾಯಾಮವೂ ಜೊತೆಗೂಡಿದರೆ ಒಳ್ಳೆಯದು. ಮೂಳೆ ಮುರಿದಿರುವಲ್ಲಿ, ಸೋಂಕು ಅಥವಾ ಗಡ್ಡೆಯಿರುವಲ್ಲಿ, ಮೂಳೆ ತೀರ ಟೊಳ್ಳಾಗಿರುವಲ್ಲಿ ಇದು ಸಲ್ಲದು. ಕತ್ತನ್ನು ರಭಸದಿಂದ ತಿರುವಿದರೆ ವಿರಳವಾಗಿ ರಕ್ತನಾಳ ಸೀಳಿ ಪಾರ್ಶ್ವವಾಯು ಸಂಭವಿಸಬಹುದು. ಕ್ಷೌರದಂಗಡಿಯಲ್ಲಿ ಕತ್ತಿನ ಲಟಿಕೆ ತೆಗೆಸಿಕೊಳ್ಳುವವರಿಗೂ ಈ ಎಚ್ಚರ ಅಗತ್ಯ.

ಆದ್ದರಿಂದ ಮೊದಲು ವೈದ್ಯರಿಂದ ಕಾರಣವನ್ನು ತಿಳಿಯಬೇಕು. ಮಧುಮೇಹವಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಬಿಗಿತವೆಂದು ಖಚಿತವಾದ ಮೇಲೆ, ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ತೂಗುವುದು, ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲನೆ ಏರಿಸುವುದು ಇವನ್ನು ನೋವು ಮೀರದಂತೆ ದಿನವೂ ಮಾಡಬೇಕು. ಬಿಗಿತ ಪೂರ್ತಿ ಸಡಿಲಲು ವರ್ಷವೋ ಎರಡು ವರ್ಷವೋ ಹಿಡಿಯಬಹುದು. ಪರರ ಕೈ ವಾರಕ್ಕೊಮ್ಮೆ ನೆರವಾದೀತು; ದಿನವೂ ದುಡಿಯಬೇಕಾದುದು ರೋಗಿಯ ಸ್ವಂತ ಕೈಯೇ.